ಪ್ರವಾಸದ ಬೈಕಿಗೆ ಸ್ಪೋಕ್ ಚಕ್ರವೋ, ಅಲಾಯ್ ಚಕ್ರವೋ? ಬೆಂಗಳೂರಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕಳಸದ ದಾರಿ ಹಿಡಿದಿದ್ದೆವು. ಆಗಸ್ಟ್ ತಿಂಗಳು, ಸಂಜೆ ಐದರ ಹೊತ್ತು, ಬಿಟ್ಟೂ ಬಿಡದ ಜಡಿಮಳೆ. ಒಂದು ತಿರುವಿನಲ್ಲಿ ನನ್ನ ಬೈಕಿನ ಹಿಂಬದಿ ಓಲಾಡತೊಡಗಿತು. ನಿಲ್ಲಿಸಿ ಇಳಿಯುವಷ್ಟರಲ್ಲಿ ಟೈರು ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡಿತ್ತು. ಕಡ್ಡಿಗಳಿರುವ ಸ್ಪೋಕ್ ಚಕ್ರ, ಒಳಗೆ ಟ್ಯೂಬ್. ಚಕ್ರ ಬಿಚ್ಚಿ, ಟೈರು ಕಳಚಿ, ಟ್ಯೂಬ್ ಬದಲಿಸಿ ಮತ್ತೆ ಜೋಡಿಸುವಾಗ ಕತ್ತಲಾಗಿತ್ತು. ಹಿಡಿದದ್ದು ಒಂದು ಗಂಟೆ ಐವತ್ತು ನಿಮಿಷ. ಅದೇ ದಿನ ಬೆಳಿಗ್ಗೆ ಹಾಸನದ ಬಳಿ ಗೆಳೆಯನ ಬೈಕಿನ, ಎರಕ ಹೊಯ್ದ ಅಲಾಯ್ ಚಕ್ರಕ್ಕೂ ಮೊಳೆ ಹೊಕ್ಕಿತ್ತು. ಅವನು ಚಕ್ರವನ್ನು ಬಿಚ್ಚದೆಯೇ ಹತ್ತು ನಿಮಿಷದಲ್ಲಿ ತೂತು ಮುಚ್ಚಿ ಗಾಳಿ ತುಂಬಿ ಹೊರಟಿದ್ದ. ಆದರೆ ಮರುದಿನ ಅವನ ಮುಂದಿನ ಚಕ್ರ ನೀರು ತುಂಬಿದ ಗುಂಡಿಗೆ ಬಿದ್ದು ಅಂಚಿನಲ್ಲಿ ಬಿರುಕು ಬಿಟ್ಟಿತು. ಆ ಬೈಕ್ ಊರು ಸೇರಿದ್ದು ಗೂಡ್ಸ್ ಗಾಡಿಯ ಮೇಲೆ.

ಎರಡು ದಿನ, ಎರಡು ಬಗೆಯ ಚಕ್ರ, ಎರಡು ಬಗೆಯ ತೊಂದರೆ. ಚಕ್ರ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದರಲ್ಲೇ ಇದೆ: ನೀವು ನಿಜವಾಗಿ ಓಡಿಸುವ ದಾರಿಯಲ್ಲಿ ಯಾವ ತೊಂದರೆ ಹೆಚ್ಚು ಬರುತ್ತದೆ, ಬಂದಾಗ ನಿಮ್ಮ ಕೈಯಲ್ಲಿ ಯಾವುದನ್ನು ಸರಿಪಡಿಸಲು ಆಗುತ್ತದೆ? ಯಾವುದು ಗಟ್ಟಿ, ಯಾವುದು ನೋಡಲು ಚೆಂದ ಎಂಬುದೆಲ್ಲ ಆಮೇಲೆ.

ಮೊದಲ ಹೆಜ್ಜೆ: ಕಳೆದ ಹತ್ತು ಪ್ರವಾಸಗಳನ್ನು ಬರೆದಿಡಿ

ಒಂದು ಹಾಳೆ ತೆಗೆದುಕೊಂಡು ನೀವು ಈಗಾಗಲೇ ಹೋಗಿಬಂದ ಹತ್ತು ಪ್ರವಾಸಗಳನ್ನು ಬರೆಯಿರಿ. ಮುಂದೊಂದು ದಿನ ಹೋಗಬೇಕೆಂದಿರುವ ಲಡಾಖ್, ಸ್ಪಿತಿ ಈ ಹಾಳೆಯಲ್ಲಿ ಬೇಡ. ಪ್ರತಿ ಪ್ರವಾಸದ ಎದುರು ಡಾಂಬರು ರಸ್ತೆ ಎಷ್ಟು ಕಿ.ಮೀ., ಮಣ್ಣು ಮತ್ತು ಜಲ್ಲಿ ದಾರಿ ಎಷ್ಟು ಕಿ.ಮೀ. ಎಂದು ಅಂದಾಜು ಹಾಕಿ.

ನಾನು ಈ ಲೆಕ್ಕ ಹಾಕಿದಾಗ ನಿಜಕ್ಕೂ ಅಚ್ಚರಿಯಾಯಿತು. ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ನೆಲಮಂಗಲದಲ್ಲಿ ಹಾಸನದ ಹೆದ್ದಾರಿಗೆ ತಿರುಗಿದರೆ ಕೊನೆಯತನಕ ಒಳ್ಳೆಯ ರಸ್ತೆ. ಮಣ್ಣಿನ ದಾರಿ ಬರುವುದು ಕಾಫಿ ತೋಟದೊಳಗಿನ ಹೋಂಸ್ಟೇಗೆ ಇಳಿಯುವ ಕೊನೆಯ ಎರಡು ಮೂರು ಕಿಲೋಮೀಟರಿನಲ್ಲಿ ಮಾತ್ರ. ಆಗುಂಬೆಯ ಹದಿನಾಲ್ಕು ತಿರುವುಗಳಾಗಲಿ, ಚಾರ್ಮಾಡಿಯಾಗಲಿ, ನಂದಿಬೆಟ್ಟವಾಗಲಿ ಎಲ್ಲವೂ ಡಾಂಬರೇ. ನನ್ನ ಹತ್ತು ಪ್ರವಾಸಗಳಲ್ಲಿ ಮಣ್ಣಿನ ಪಾಲು ನೂರಕ್ಕೆ ನಾಲ್ಕು ದಾಟಲಿಲ್ಲ.

ಹಾಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಿ: ಊರೊಳಗಿನ ಓಡಾಟ. ಪ್ರವಾಸದ ಬೈಕನ್ನೇ ದಿನವೂ ಕಚೇರಿಗೆ ಒಯ್ಯುವವರು ಬಹಳ ಮಂದಿ. ಹಾಗಿದ್ದರೆ ನಿಮ್ಮ ಚಕ್ರಕ್ಕೆ ಹೆಚ್ಚು ಪೆಟ್ಟು ಬೀಳುವುದು ಮಲೆನಾಡಿನಲ್ಲಲ್ಲ. ಬಣ್ಣವಿಲ್ಲದ ಹಂಪುಗಳಲ್ಲಿ, ಕೇಬಲ್‌ಗೆಂದು ಅಗೆದು ಅರೆಬರೆ ಮುಚ್ಚಿದ ಕಾಲುವೆಗಳಲ್ಲಿ, ಮಳೆನೀರಿನಡಿ ಕಾಣದ ಗುಂಡಿಗಳಲ್ಲಿ. ಹೊರವರ್ತುಲ ರಸ್ತೆಯಲ್ಲಿ ಬೇಕೆಂದೇ ಚೆಲ್ಲಿದ ಮೊಳೆಗಳನ್ನು ಸಂಚಾರ ಪೊಲೀಸರು ಆಯ್ದ ಸುದ್ದಿಯನ್ನು ನೀವೂ ಓದಿರುತ್ತೀರಿ. ಮೊಳೆ ಮತ್ತು ಗುಂಡಿ, ಈ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡನೇ ಹೆಜ್ಜೆ: ಎರಡೂ ಚಕ್ರಗಳು ಹೇಗೆ ಕೆಡುತ್ತವೆ ಎಂದು ತಿಳಿಯಿರಿ

ಸ್ಪೋಕ್ ಚಕ್ರದಲ್ಲಿ ನಡುವಿನ ಹಬ್ಬಿಗೂ ಹೊರಗಿನ ರಿಮ್ಮಿಗೂ ನಡುವೆ ಕಡ್ಡಿಗಳಿರುತ್ತವೆ, ಸಾಮಾನ್ಯವಾಗಿ 36. ಪ್ರತಿಯೊಂದನ್ನೂ ತಂಬೂರಿಯ ತಂತಿಯಂತೆ, ತುದಿಯಲ್ಲಿರುವ ನಿಪ್ಪಲ್ ಎಂಬ ಪುಟ್ಟ ನಟ್ಟು ತಿರುಗಿಸಿ ಬಿಗಿದಿರುತ್ತಾರೆ. ಚಕ್ರಕ್ಕೆ ಆಕಾರ ಬರುವುದೂ ಬಲ ಬರುವುದೂ ಈ ಬಿಗಿತದಿಂದಲೇ. ಭಾರ ಬಿದ್ದಾಗ ನೆಲದ ಕಡೆಗಿರುವ ಕಡ್ಡಿಗಳ ಬಿಗಿತ ಸ್ವಲ್ಪ ತಗ್ಗುತ್ತದೆ, ಆ ಭಾಗ ಮೇಲೆ ಹೋದಾಗ ಮತ್ತೆ ಬಿಗಿಯುತ್ತದೆ. ಹಿಂದಿನ 17 ಇಂಚಿನ ಚಕ್ರ ಟೈರು ಸೇರಿ ಒಂದು ಸುತ್ತಿಗೆ ಸುಮಾರು ಎರಡು ಮೀಟರ್ ಸಾಗುತ್ತದೆ. ಸಕಲೇಶಪುರಕ್ಕೆ ಹೋಗಿಬರುವ ಹೊತ್ತಿಗೆ ಪ್ರತಿ ಕಡ್ಡಿಯೂ ಎರಡು ಲಕ್ಷಕ್ಕೂ ಹೆಚ್ಚು ಸಲ ಸಡಿಲಿ ಬಿಗಿದಿರುತ್ತದೆ. ಆರಂಭದಲ್ಲೇ ಬಿಗಿತ ಕಡಿಮೆಯಿದ್ದರೆ ಕಡ್ಡಿ ಪ್ರತಿ ಸುತ್ತಿನಲ್ಲೂ ಪೂರ್ತಿ ಸಡಿಲವಾಗಿ ಜಗ್ಗುತ್ತದೆ. ದಣಿದು ಹಬ್ಬಿನ ಬಳಿಯ ಬಾಗಿನಲ್ಲಿ ತುಂಡಾಗುತ್ತದೆ. ಒಂದು ತುಂಡಾದರೆ ಅದರ ಹೊರೆ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ.

ಈ ಚಕ್ರದ ದೊಡ್ಡ ಗುಣ, ಅದು ಸ್ವಲ್ಪಸ್ವಲ್ಪವಾಗಿ ಕೆಡುತ್ತದೆ. ಕಲ್ಲಿಗೆ ಬಡಿದರೆ ರಿಮ್ ಬಾಗುತ್ತದೆ, ಆದರೂ ಬೈಕ್ ನಿಧಾನವಾಗಿ ಊರು ಸೇರುತ್ತದೆ. ಬಾಗು ತೆಗೆಸಬಹುದು, ಕಡ್ಡಿ ಬದಲಿಸಬಹುದು, ರಿಮ್ ಮಾತ್ರ ಹೊಸದು ಹಾಕಿಸಿ ಹಳೆಯ ಹಬ್ಬನ್ನೇ ಉಳಿಸಿಕೊಳ್ಳಬಹುದು.

ಅಲಾಯ್ ಚಕ್ರ ಅಲ್ಯೂಮಿನಿಯಂ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಎರಕ ತೆಗೆದ ಇಡೀ ಒಂದು ತುಂಡು. ಬಿಗಿಯುವ ಕೆಲಸವಿಲ್ಲ, ಔಟ್, ಅಂದರೆ ಚಕ್ರದ ಓಲಾಟ, ತೆಗೆಸುವ ಕೆಲಸವಿಲ್ಲ. ಹೆದ್ದಾರಿಯ ವೇಗದಲ್ಲಿ, ಉದ್ದನೆಯ ತಿರುವುಗಳಲ್ಲಿ ಅದು ಅಲುಗಾಡದೆ ನಿಲ್ಲುತ್ತದೆ. ಚಾರ್ಮಾಡಿ ಇಳಿಯುವಾಗ ಆ ನೆಮ್ಮದಿ ಕೈಗೇ ತಿಳಿಯುತ್ತದೆ. ಆದರೆ ಎರಕದ ಲೋಹ ಹೆಚ್ಚು ಬಾಗಲಾರದು. ಸಣ್ಣ ಪೆಟ್ಟಿಗೆ ಏನೂ ಆಗುವುದಿಲ್ಲ, ನಡುವಣ ಪೆಟ್ಟಿಗೆ ಅಂಚು ತಗ್ಗಿ ಗಾಳಿ ಸೋರುತ್ತದೆ, ಜೋರಾದ ಪೆಟ್ಟಿಗೆ ಸೀಳುತ್ತದೆ. ಸೀಳಿದ ಚಕ್ರಕ್ಕೆ ವೆಲ್ಡಿಂಗ್ ಮಾಡಿ, ಬಣ್ಣ ಬಳಿದು, ಹೊಸದರಂತೆ ಕೊಡುವವರಿದ್ದಾರೆ. ದಯವಿಟ್ಟು ಅದನ್ನು ಒಪ್ಪಬೇಡಿ. ಈ ಚಕ್ರಗಳಿಗೆ ಕಾರ್ಖಾನೆಯಲ್ಲಿ ಅಳತೆಯ ಶಾಖ ಕೊಟ್ಟು ಗಡಸುತನ ತರಿಸಿರುತ್ತಾರೆ. ವೆಲ್ಡಿಂಗ್ ಜ್ವಾಲೆ ಸುತ್ತಲಿನ ಆ ಗಡಸುತನವನ್ನೇ ಕಳೆಯುತ್ತದೆ. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಗೆ ಕಾಯುವುದಿಲ್ಲವಾದ್ದರಿಂದ ಎಷ್ಟು ಕಾಯಿತೆಂದು ಕಣ್ಣಿಗೂ ಗೊತ್ತಾಗುವುದಿಲ್ಲ. ಬಿರುಕು ಬಿಟ್ಟ ಚಕ್ರ ಗುಜರಿಗೆ ಹೋಗಬೇಕು, ರಸ್ತೆಗಲ್ಲ.

ತೂಕದ ಬಗ್ಗೆ ಒಂದು ಮಾತು. ಅಲಾಯ್ ಎಂದರೆ ಹಗುರ ಎಂಬ ನಂಬಿಕೆ ಎಲ್ಲೆಡೆ ಇದೆ. ಅಲ್ಯೂಮಿನಿಯಂ ರಿಮ್ಮಿನ ಸ್ಪೋಕ್ ಚಕ್ರ ಎಷ್ಟೋ ಸಲ ಎರಕದ ಚಕ್ರಕ್ಕಿಂತ ಹಗುರವಾಗಿಯೇ ಇರುತ್ತದೆ. ತೂಕ ನೋಡಿ ನಿರ್ಧರಿಸಬೇಡಿ.

ಮೂರನೇ ಹೆಜ್ಜೆ: ಒಳಗೆ ಟ್ಯೂಬ್ ಇದೆಯೇ ಎಂದು ನೋಡಿ

ನನ್ನ ಅನುಭವದಲ್ಲಿ ಪ್ರವಾಸದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಇದು. ಸಾಮಾನ್ಯ ಸ್ಪೋಕ್ ರಿಮ್ಮಿನಲ್ಲಿ ಪ್ರತಿ ಕಡ್ಡಿಗೂ ಒಂದು ತೂತು ಇರುವುದರಿಂದ ಗಾಳಿ ನಿಲ್ಲದು, ಟ್ಯೂಬ್ ಬೇಕೇ ಬೇಕು. ಟ್ಯೂಬಿಗೆ ಮೊಳೆ ಹೊಕ್ಕರೆ ಗಾಳಿ ವಾಲ್ವಿನ ತೂತಿನಿಂದಲೂ ಕಡ್ಡಿಗಳ ಸಂದಿಗಳಿಂದಲೂ ಬೇಗನೆ ಹೊರಡುತ್ತದೆ. ಅಲಾಯ್ ಚಕ್ರದಲ್ಲಿ ಕಡ್ಡಿಯ ತೂತುಗಳಿಲ್ಲದ್ದರಿಂದ ಟ್ಯೂಬ್ ಬೇಡದ ಟ್ಯೂಬ್‌ಲೆಸ್ ಟೈರು ಹಾಕಬಹುದು. ಅದರಲ್ಲಿ ಹೊಕ್ಕ ಮೊಳೆಯೇ ತೂತಿಗೆ ಬಿರಡೆಯಾಗಿ ಕುಳಿತು, ಗಾಳಿ ನಿಧಾನವಾಗಿ ಇಳಿಯುತ್ತದೆ. ನಿಲ್ಲಿಸಲು ಸಮಯ ಸಿಗುತ್ತದೆ. ಹೆದ್ದಾರಿಯಲ್ಲಿ ಆ ಸಮಯವೇ ಜೀವ ಉಳಿಸುತ್ತದೆ.

ಈ ಎರಡರ ಒಳಿತನ್ನೂ ಒಂದೇ ಚಕ್ರದಲ್ಲಿ ತರುವ ದಾರಿಯೂ ಇದೆ. ಬಿಎಂಡಬ್ಲ್ಯು 1987ರಲ್ಲಿ ತನ್ನ ಜಿಎಸ್ ಬೈಕುಗಳಿಗೆ ಅಡ್ಡಹೆಣಿಗೆಯ ಸ್ಪೋಕ್ ಚಕ್ರ ತಂದಿತು. ಅದರಲ್ಲಿ ಕಡ್ಡಿಗಳು ರಿಮ್ಮಿನ ನಡುವೆ ತೂರದೆ ಹೊರ ಅಂಚಿಗೆ ಕಟ್ಟಿಕೊಂಡಿರುವುದರಿಂದ ಗಾಳಿಯ ಜಾಗ ಮುಚ್ಚಿಯೇ ಇರುತ್ತದೆ. ಇಂದು ನಮ್ಮ ಮಾರುಕಟ್ಟೆಯಲ್ಲೂ ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಸಿಗುತ್ತದೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, 2023ರಲ್ಲಿ ಟ್ಯೂಬಿನ ಸ್ಪೋಕ್ ಚಕ್ರದೊಂದಿಗೆ ಬಂದು ಆಮೇಲೆ ಟ್ಯೂಬ್‌ಲೆಸ್ ಸ್ಪೋಕ್ ಆಯ್ಕೆಯನ್ನೂ ಪಡೆಯಿತು. 2025ರ ಕೆಟಿಎಂ 390 ಅಡ್ವೆಂಚರ್‌ಗೆ ಟ್ಯೂಬ್‌ಲೆಸ್ ಸ್ಪೋಕ್, ಅದರ ಎಕ್ಸ್ ಮಾದರಿಗೆ ಅಲಾಯ್. ಹೀರೋ ಎಕ್ಸ್‌ಪಲ್ಸ್ 200 ಮತ್ತು 2016ರಲ್ಲಿ ಬಂದ ಹಳೆಯ ಹಿಮಾಲಯನ್ 411 ಟ್ಯೂಬಿನ ಸ್ಪೋಕ್ ಚಕ್ರದವು. ಸುಜುಕಿ ವಿ-ಸ್ಟ್ರೋಮ್ ಎಸ್‌ಎಕ್ಸ್, ಬಜಾಜ್ ಡೊಮಿನಾರ್ 400 ಅಲಾಯ್ ಚಕ್ರದವು. ಅಂಗಡಿಯಲ್ಲಿ ಮಾರಾಟಗಾರನ ಮಾತಿಗಷ್ಟೇ ಬಿಡಬೇಡಿ. ಟೈರಿನ ಪಕ್ಕೆಯ ಮೇಲಿನ ಬರಹವನ್ನೂ ರಿಮ್ಮಿನ ಮೇಲಿನ ಅಚ್ಚನ್ನೂ ನೀವೇ ಓದಿ. ಟೈರು ಟ್ಯೂಬ್‌ಲೆಸ್ ಎಂದಿದ್ದು ರಿಮ್ ಟ್ಯೂಬಿನದಾಗಿರುವ ಬೈಕುಗಳೂ ಇವೆ.

ಟ್ಯೂಬಿನ ಸ್ಪೋಕ್ ರಿಮ್ಮಿಗೆ ಒಳಗಿನಿಂದ ಅಂಟು ಅಥವಾ ಟೇಪು ಹಚ್ಚಿ ಟ್ಯೂಬ್‌ಲೆಸ್ ಮಾಡಿಕೊಡುವವರು ಊರಿನಲ್ಲಿದ್ದಾರೆ. ನಾನು ಇದನ್ನು ಮಾಡಿಸುವುದಿಲ್ಲ. ಟ್ಯೂಬ್‌ಲೆಸ್ ರಿಮ್ಮಿನ ಒಳಗೆ ಟೈರಿನ ಅಂಚನ್ನು ಹಿಡಿದಿಡುವ ಒಂದು ಸಣ್ಣ ಏಣು ಇರುತ್ತದೆ. ಗಾಳಿ ಇಳಿದಾಗ ಟೈರು ರಿಮ್ಮಿನೊಳಕ್ಕೆ ಜಾರದಂತೆ ತಡೆಯುವುದು ಅದೇ. ಟ್ಯೂಬಿನ ರಿಮ್ಮುಗಳಲ್ಲಿ ಸಾಮಾನ್ಯವಾಗಿ ಆ ಏಣು ಇರುವುದಿಲ್ಲ, ಎಷ್ಟು ಅಂಟು ಬಳಿದರೂ ಅದು ಹುಟ್ಟುವುದೂ ಇಲ್ಲ.

ನಾಲ್ಕನೇ ಹೆಜ್ಜೆ: ಮನೆಯಂಗಳದಲ್ಲಿ ಒಮ್ಮೆ ಪಂಕ್ಚರ್ ಹಾಕಿ ನೋಡಿ

ಟ್ಯೂಬಿನ ಬೈಕ್ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಲೇಬೇಕು. ಗೆಳೆಯರದೊಂದು ಬೈಕ್ ಕೇಳಿ ಪಡೆದು, ಭಾನುವಾರ ಬೆಳಿಗ್ಗೆ ಹಿಂದಿನ ಚಕ್ರ ಬಿಚ್ಚಿ ಟ್ಯೂಬ್ ಹೊರತೆಗೆದು ಮತ್ತೆ ಹಾಕಿ. ಎರಡು ಗಂಟೆಯೊಳಗೆ ಯಾರ ನೆರವೂ ಇಲ್ಲದೆ ಮುಗಿಸಿದರೆ ಟ್ಯೂಬಿನ ಬೈಕ್ ನಿಮಗೆ ಹೊಂದುತ್ತದೆ. ಕೆಲಸದ ಗುಟ್ಟು ಒಂದೇ, ಅದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ.

ವಾಲ್ವಿನ ಒಳಗಿನ ಪಿನ್ ತೆಗೆದು ಗಾಳಿಯನ್ನು ಪೂರ್ತಿ ಬಿಡಿ. ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸಲು ಇನ್ನೊಂದು ಬೈಕಿನ ಸೈಡ್ ಸ್ಟ್ಯಾಂಡನ್ನು ಟೈರಿನ ಮೇಲೆ ಊರಿ ಒತ್ತಬಹುದು. ಗುಟ್ಟು ಈಗ ಬರುತ್ತದೆ: ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ. ಟೈರು ಎಬ್ಬಿಸುವ ಸಲಾಕೆ, ಅಂದರೆ ಲಿವರ್, ಹಾಕುವ ಜಾಗಕ್ಕೆ ನೇರ ಎದುರಿನ ಅಂಚನ್ನು ಮಂಡಿಯಿಂದ ಆ ತಗ್ಗಿಗೆ ಇಳಿಸಿ ಹಿಡಿದರೆ ಈ ಕಡೆಯ ಅಂಚು ಸಡಿಲವಾಗಿ ಸುಲಭವಾಗಿ ಎದ್ದು ಬರುತ್ತದೆ. ಮಂಡಿ ಬಿಟ್ಟರೆ ನಾಲ್ಕು ಲಿವರ್ ಹಾಕಿದರೂ ಬರದು. ಟ್ಯೂಬ್ ತೆಗೆದ ಮೇಲೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ. ಮುಳ್ಳೋ ಮೊಳೆಯೋ ಇನ್ನೂ ಅಲ್ಲೇ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೆ ಗಾಯವಾಗುವುದಿಲ್ಲ. ಹೊಸ ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ದುಂಡಗೆ ಮಾಡಿ ಒಳಗಿಡಿ, ಪೌಡರ್ ಸವರಿ. ಕೊನೆಯ ಒಂದು ಗೇಣು ವಾಲ್ವಿನ ಬಳಿಯೇ ಬರಲಿ, ಆಗ ವಾಲ್ವನ್ನು ಒಳಕ್ಕೊಮ್ಮೆ ಒತ್ತಿ ಬಿಡಿ. ಲಿವರ್ ಟ್ಯೂಬನ್ನು ಕಚ್ಚುವುದು ಯಾವಾಗಲೂ ಈ ಕೊನೆಯ ಗೇಣಿನಲ್ಲಿಯೇ.

ಟ್ಯೂಬ್‌ಲೆಸ್ ಆದರೆ ಕಲಿಯುವುದು ಬಹಳ ಕಡಿಮೆ. ಮೊಳೆ ಕೀಳಿ, ತೂತನ್ನು ಅರದಿಂದ ಒರಟು ಮಾಡಿ, ಅಂಟುಪಟ್ಟಿ ತೂರಿಸಿ, ಗಾಳಿ ತುಂಬಿ. ಇದು ನೆಲ ಮುಟ್ಟುವ ಭಾಗದ ಸಣ್ಣ ತೂತಿಗೆ ಮಾತ್ರ, ಸುಮಾರು 6 ಮಿ.ಮೀ.ವರೆಗೆ. ಪಕ್ಕೆ ಹರಿದಿದ್ದರೆ ಪಟ್ಟಿ ಹಾಕಬೇಡಿ.

ಐದನೇ ಹೆಜ್ಜೆ: ನಿರ್ಧಾರ

ಹಾಳೆಯಲ್ಲಿ ಮಣ್ಣಿನ ಪಾಲು ನೂರಕ್ಕೆ ಹತ್ತಕ್ಕಿಂತ ಕಡಿಮೆಯಿದ್ದು, ಹಿಂದೆ ಒಬ್ಬರು ಕೂರುತ್ತಾರೆ, ಪೆಟ್ಟಿಗೆಗಳಿರುತ್ತವೆ, ವಾರಾಂತ್ಯಕ್ಕೆ 400-500 ಕಿ.ಮೀ. ಓಡುತ್ತದೆ ಎಂದಾದರೆ ಅಲಾಯ್ ಚಕ್ರದ ಬೈಕ್ ಕೊಳ್ಳಿ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಬೆಂಗಳೂರಿನಿಂದ ಹೊರಡುವ ಬಹುಪಾಲು ಪ್ರವಾಸಿಗರು ಈ ಗುಂಪಿನವರು. ನಮಗೆ ಹೆಚ್ಚಾಗಿ ಎದುರಾಗುವುದು ಮೊಳೆಯೇ ಹೊರತು ಬಂಡೆಯಲ್ಲ.

ಜಲ್ಲಿ, ಹಳ್ಳ, ಬಂಡೆಗಳ ದಾರಿಯನ್ನೇ ಹುಡುಕಿಕೊಂಡು ಹೋಗುವವರಿಗೆ, ವರ್ಷಕ್ಕೊಮ್ಮೆಯಾದರೂ ಹಿಮಾಲಯದ ಕಡೆ ತಿಂಗಳುಗಟ್ಟಲೆ ತಿರುಗುವವರಿಗೆ ಸ್ಪೋಕ್ ಬೇಕು. ಅಲ್ಲಿ 21 ಇಂಚಿನ ಮುಂದಿನ ಚಕ್ರ ಕಲ್ಲನ್ನು ಹತ್ತುವ ರೀತಿಯೇ ಬೇರೆ, ಆ ಅಳತೆ ಸಾಮಾನ್ಯವಾಗಿ ಸ್ಪೋಕಿನಲ್ಲೇ ಸಿಗುತ್ತದೆ. ಹೆಚ್ಚಿನ ಹಣ ಕೊಡಲು ಆಗುವುದಾದರೆ ಟ್ಯೂಬ್‌ಲೆಸ್ ಸ್ಪೋಕ್ ಕೊಳ್ಳಿ. ಬೇರೆ ಅಲಂಕಾರಗಳಿಗೆ ಇಟ್ಟ ಹಣವನ್ನು ಇಲ್ಲಿಗೆ ತಿರುಗಿಸಿ.

ಈಗಿರುವ ಬೈಕಿನ ಚಕ್ರ ಬದಲಿಸುವ ಆಸೆ ಇದ್ದರೆ ಅದೇ ಮಾದರಿಗೆ ತಯಾರಕರೇ ಕೊಡುವ ಚಕ್ರವನ್ನಷ್ಟೇ ಹಾಕಿಸಿ. ಜೆ.ಸಿ. ರಸ್ತೆಯ ಸಾಲು ಅಂಗಡಿಗಳಲ್ಲಿ ಯಾವ ಬೈಕಿಗೆ ಯಾವ ಚಕ್ರ ಬೇಕಾದರೂ ಸಿಗುತ್ತದೆ ನಿಜ. ಆದರೆ ಬೇರಿಂಗ್, ಡಿಸ್ಕಿನ ಸ್ಥಾನ, ಎಬಿಎಸ್ ಸಂವೇದಕದ ಉಂಗುರ, ಚೈನು ಕೂರುವ ಸ್ಪ್ರಾಕೆಟ್ಟಿನ ಸಾಲು ಇವೆಲ್ಲ ಕೂದಲೆಳೆಯಷ್ಟೂ ತಪ್ಪಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಗಳನ್ನು ಬದಲಿಸುವುದನ್ನು ತಡೆಯುತ್ತದೆ. ಚಕ್ರದ ಅಳತೆ ಬದಲಾಗಿ ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು.

ಹಳೆಯ ಬೈಕ್ ಕೊಳ್ಳುವಾಗ ಚಕ್ರದ ಪರೀಕ್ಷೆ

ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ. ಅದಿಲ್ಲದಿದ್ದರೆ ಇಬ್ಬರು ಹಿಡಿದು ಚಕ್ರವನ್ನು ನೆಲದಿಂದ ಎತ್ತಿ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿಗೆ ಒಂದು ಪ್ಲಾಸ್ಟಿಕ್ ಕಟ್ಟುಪಟ್ಟಿ ಬಿಗಿದು ಅದರ ತುದಿ ರಿಮ್ಮಿಗೆ ಕೂದಲೆಳೆ ಅಂತರದಲ್ಲಿರುವಂತೆ ಕತ್ತರಿಸಿ, ಚಕ್ರ ತಿರುಗಿಸಿ. ಅಂತರ ಹಿಗ್ಗಿ ಕುಗ್ಗುವುದು ಕಣ್ಣಿಗೇ ಕಾಣುತ್ತದೆ. ಪಕ್ಕಕ್ಕಾಗಲಿ ಮೇಲೆ ಕೆಳಗಾಗಲಿ 2 ಮಿ.ಮೀ. ದಾಟಿದರೆ ಆ ಚಕ್ರಕ್ಕೆ ಕೆಲಸ ಇದೆ ಎಂದೇ ಲೆಕ್ಕ.

ಸ್ಪೋಕ್ ಚಕ್ರವನ್ನು ಕಿವಿಯಿಂದ ಪರೀಕ್ಷಿಸಬೇಕು. ಇದನ್ನು ನನಗೆ ಕಲಿಸಿದವರು ಕಲಾಸಿಪಾಳ್ಯದ ಒಬ್ಬ ಹಿರಿಯ ಮೇಸ್ತ್ರಿ. ಗೋಡೆಗೆ ಒರಗಿಸಿದ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಸಣ್ಣ ಸ್ಪ್ಯಾನರಿನಿಂದ ವಾಲ್ವಿನ ಬಳಿಯ ಕಡ್ಡಿಯಿಂದ ಶುರುಮಾಡಿ ಒಂದೊಂದನ್ನೇ ತಟ್ಟುತ್ತಿದ್ದರು. ಟಿಣ್, ಟಿಣ್, ಟಿಣ್. ನಡುವೆ ಒಂದು ಕಡೆ 'ಡಬ್' ಎಂದಿತು. ಅವರು ಆ ಕಡ್ಡಿಗೆ ಸೀಮೆಸುಣ್ಣದಿಂದ ಗುರುತು ಹಾಕಿ ಮುಂದೆ ಹೋದರು. ಪೂರ್ತಿ ಸುತ್ತು ಮುಗಿದ ಮೇಲೆಯೇ ಸ್ಪೋಕ್ ಕೀ ಎತ್ತಿಕೊಂಡದ್ದು. 'ಒಂದನ್ನೇ ನೋಡಿ ಬಿಗಿದರೆ ಚಕ್ರ ಮುನಿಸಿಕೊಳ್ಳುತ್ತದೆ ಸ್ವಾಮಿ, ಕಾಲು ಸುತ್ತು ಹಾಕಿ, ತಿರುಗಿಸಿ ನೋಡಿ, ಮತ್ತೆ ಕಾಲು ಸುತ್ತು' ಎಂದರು. ಸಡಿಲ ಕಡ್ಡಿ ಮಂದವಾಗಿ ನುಡಿಯುತ್ತದೆ, ಅತಿ ಬಿಗಿದದ್ದು ಕೀರಲಾಗಿ. ಬಲ ಎಡದ ಕಡ್ಡಿಗಳ ಸ್ವರದಲ್ಲಿ ತುಸು ವ್ಯತ್ಯಾಸ ಇರಬಹುದು. ಒಂದೇ ಬದಿಯವು ಮಾತ್ರ ಒಂದೇ ಶ್ರುತಿಯಲ್ಲಿರಬೇಕು. ಮೂರು ನಾಲ್ಕು ಕಡ್ಡಿಗಳು ಸಾಲಾಗಿ 'ಡಬ್' ಎಂದರೆ ಅಲ್ಲಿ ರಿಮ್ ಪೆಟ್ಟು ತಿಂದಿದೆ. ನಿಪ್ಪಲ್‌ಗಳ ಬುಡದಲ್ಲಿ ತುಕ್ಕು ಇದ್ದರೆ ಬೆಲೆ ಇಳಿಸಿ ಕೇಳಿ, ತಿರುಗಿಸುವಾಗ ಅವು ಮುರಿಯುತ್ತವೆ.

ಅಲಾಯ್ ಚಕ್ರವನ್ನು ತೊಳೆಸಿ ಒಣಗಿಸಿದ ಮೇಲೆ ಟಾರ್ಚ್ ಹಿಡಿದು ನೋಡಿ. ಅಂಚಿನ ಒಳಬದಿ ಮತ್ತು ತೋಳುಗಳು ರಿಮ್ಮನ್ನು ಸೇರುವ ಬುಡ, ಈ ಎರಡು ಜಾಗಗಳಲ್ಲಿ ಉಗುರು ಆಡಿಸಿ. ಕಣ್ಣಿಗೆ ಕಾಣದ ಕೂದಲು ಬಿರುಕು ಉಗುರಿಗೆ ತಾಗುತ್ತದೆ. ಒಂದು ಕಡೆ ಮಾತ್ರ ಬಣ್ಣ ಹೊಸದಾಗಿ, ದಪ್ಪವಾಗಿ ಕಂಡರೆ ಬೈಕ್ ಬಿಟ್ಟು ಬನ್ನಿ. ಟೈರು ರಿಮ್ ಸೇರುವಲ್ಲಿ ಸೋಪಿನ ನೀರು ಸವರಿದಾಗ ಗುಳ್ಳೆ ಎದ್ದರೆ ಅಂಚು ಬಾಗಿರಬಹುದು.

ಕೊಂಡ ಮೇಲೆ

ಹೊಸ ಸ್ಪೋಕ್ ಚಕ್ರದ ಕಡ್ಡಿಗಳು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಕೂತು ಸಡಿಲವಾಗುತ್ತವೆ. ಮೊದಲ ಸರ್ವೀಸಿನಲ್ಲಿ ಅವನ್ನು ನೋಡಲೇಬೇಕೆಂದು ಕೆಲಸದ ಚೀಟಿಯಲ್ಲಿ ಬರೆಸಿ. ಆಮೇಲೆ ಪ್ರತಿ ದೊಡ್ಡ ಪ್ರವಾಸಕ್ಕೂ ಮೊದಲು ತಟ್ಟಿ ನೋಡಿ. ಗೋಕರ್ಣ, ಮರವಂತೆ ಕಡೆ ಕರಾವಳಿ ಸುತ್ತಿ ಬಂದರೆ ಮರುದಿನವೇ ಸಿಹಿನೀರಿನಿಂದ ತೊಳೆದು ಒರೆಸಿ. ಉಪ್ಪುಗಾಳಿಗೆ ನಿಪ್ಪಲ್‌ಗಳು ಒಂದೇ ಮಳೆಗಾಲದಲ್ಲಿ ಹಿಡಿದುಕೊಳ್ಳುತ್ತವೆ.

ಅಲಾಯ್ ಚಕ್ರಕ್ಕೆ ಬೇಕಾದ ಉಪಚಾರ ಒಂದೇ, ಸರಿಯಾದ ಗಾಳಿ. ಕೈಪಿಡಿಯಲ್ಲಿ ಹಿಂದಿನ ಸವಾರರಿದ್ದಾಗ ಎಷ್ಟು ಎಂದಿದೆಯೋ ಅಷ್ಟು, ಟೈರು ತಣ್ಣಗಿರುವಾಗ ತುಂಬಿಸಿ. ಗಾಳಿ ಕಡಿಮೆಯಿದ್ದರೆ ಗುಂಡಿಯ ಅಂಚು ನೇರ ರಿಮ್ಮಿಗೇ ಬಡಿಯುತ್ತದೆ. ಗುಂಡಿ ತಪ್ಪಿಸಲಾಗದು ಎಂದು ಕಂಡಾಗ ಮೊದಲೇ ವೇಗ ಇಳಿಸಿ, ಗುಂಡಿಯ ಬಾಯಿಗೆ ಬಂದಾಗ ಮುಂದಿನ ಬ್ರೇಕ್ ಬಿಟ್ಟುಬಿಡಿ. ಬ್ರೇಕ್ ಹಿಡಿದೇ ಇದ್ದರೆ ಫೋರ್ಕ್ ಕುಸಿದಿರುತ್ತದೆ, ಪೆಟ್ಟೆಲ್ಲ ಚಕ್ರವೇ ತಿನ್ನುತ್ತದೆ.

ಪೆಟ್ಟಿಗೆಯಲ್ಲಿ ಇರಬೇಕಾದವು: ಟ್ಯೂಬಿನ ಬೈಕಿಗೆ ಟೈರ್ ಲಿವರ್ ಮೂರು, ಆಕ್ಸಲ್ ಸ್ಪ್ಯಾನರ್, ತೇಪೆ, ಅಂಟು, ಒಂದು ಹೊಸ ಟ್ಯೂಬ್. ಜಾಗ ಒಂದಕ್ಕೇ ಇದ್ದರೆ ಮುಂದಿನ ಚಕ್ರದ ಟ್ಯೂಬ್ ಇಟ್ಟುಕೊಳ್ಳಿ. 21 ಇಂಚಿನದನ್ನು ಹಿಂದಿನ ಚಕ್ರಕ್ಕೆ ಹೇಗೋ ತುರುಕಿ ಊರು ಮುಟ್ಟಬಹುದು, ಹಿಂದಿನದು ಮುಂದಕ್ಕೆ ಆಗದು. ಅಲಾಯ್ ಬೈಕಿಗೆ ಅಂಟುಪಟ್ಟಿ, ಅರ, ಸೂಜಿ, ಬ್ಯಾಟರಿಗೆ ಸಿಕ್ಕಿಸುವ ಗಾಳಿಪಂಪ್. ಅದರ ಜೊತೆಗೆ ಅಲಾಯ್‌ನವರೂ ಒಂದು ಟ್ಯೂಬ್ ಒಯ್ಯಿರಿ. ಅಂಚು ಬಾಗಿ ಗಾಳಿ ನಿಲ್ಲದಿದ್ದಾಗ, ಬಿರುಕು ಮಾತ್ರ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಒಳಗೆ ಆ ಟ್ಯೂಬ್ ಹಾಕಿಸಿ 40-50ರ ವೇಗದಲ್ಲಿ ಮನೆ ಸೇರಬಹುದು.

ಹೊರಟ ದಿನ ಬೆಳಿಗ್ಗೆ ಊರು ದಾಟಿ ಮೊದಲ ಕಾಫಿಗೆ ನಿಲ್ಲಿಸುತ್ತೀರಲ್ಲ, ಆಗ ಕಪ್ಪು ಕೆಳಗಿಟ್ಟು ಎರಡೂ ಟೈರುಗಳನ್ನು ಅಂಗೈಯಿಂದ ಮುಟ್ಟಿ ನೋಡಿ. ಒಂದು ಇನ್ನೊಂದಕ್ಕಿಂತ ಬಹಳ ಬಿಸಿಯಿದ್ದರೆ ಅದರಲ್ಲಿ ಗಾಳಿ ಕಡಿಮೆಯಿರಬಹುದು. ಟ್ಯೂಬಿನ ಚಕ್ರವಾದರೆ ವಾಲ್ವ್ ನೆಟ್ಟಗಿದೆಯೇ ನೋಡಿ; ಓರೆಯಾಗಿದ್ದರೆ ಟೈರು ರಿಮ್ಮಿನ ಮೇಲೆ ಜಾರುತ್ತಿದೆ, ಒಳಗಿನ ಟ್ಯೂಬನ್ನೂ ಜೊತೆಗೆ ಎಳೆಯುತ್ತಿದೆ. ಗಾಳಿ ಪೂರ್ತಿ ಬಿಟ್ಟು, ಟೈರಿನ ಅಂಚನ್ನು ಸಡಿಲಿಸಿ ವಾಲ್ವನ್ನು ನೆಟ್ಟಗೆ ಮಾಡಿಸಿ, ಮತ್ತೆ ಅಳತೆಗೆ ತುಂಬಿಸಿಯೇ ಮುಂದೆ ಹೊರಡಿ.